ಕಪ್ಪ, ಅಕ್ಕಿಮುಡಿ ಮತ್ತು ಅಬ್ಬಕ್ಕ: ತುಳುನಾಡಿನ ತುಂಡರಸರು ಪೋರ್ಚುಗೀಸರೊಡನೆ ಏಗಿದ ಬಗೆ

ಕರಾವಳಿ ಕಾವಲು ಪಡೆಯ ಗಸ್ತು ಹಡಗೊಂದಕ್ಕೆ 2012ರಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರಿಟ್ಟರು. 2023ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಆಕೆಯ ನೆನಪಿಗೆ ಅಂಚೆಚೀಟಿ ಹೊರತಂದಿತು. 2025ರ ಜುಲೈಯಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಅಂಚೆಚೀಟಿಯನ್ನು ರಾಷ್ಟ್ರಪತಿಗಳೇ ಬಿಡುಗಡೆ ಮಾಡಿದರು. ಅದೇ ವರ್ಷ ಅಬ್ಬಕ್ಕನ 500ನೆಯ ಜನ್ಮವರ್ಷವೆಂದು ಭಾಷಣ, ಮೆರವಣಿಗೆ, ವಿಚಾರಸಂಕಿರಣಗಳೂ ನಡೆದವು. ಉಳ್ಳಾಲದಲ್ಲಂತೂ ಅಬ್ಬಕ್ಕನ ಹೆಸರಿನ ಉತ್ಸವ ಊರಿನ ರೂಢಿಯೇ ಆಗಿದೆ. ಶಾಲೆಯ ಪಾಠದಲ್ಲಿ ಎಲ್ಲೋ ಒಂದು ಸಾಲಾಗಿ ಉಳಿದಿದ್ದ ಕರಾವಳಿಯ ಅರಸುಮನೆತನಗಳು ಹೀಗೆ ಮುನ್ನೆಲೆಗೆ ಬಂದಿರುವುದು ಒಳ್ಳೆಯದೇ. ಆದರೆ ಈ ಸ್ಮರಣೆಯೆಲ್ಲವೂ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ರಾಣಿ ಪೋರ್ಚುಗೀಸರನ್ನು ಸೋಲಿಸಿದಳೇ, ಇಲ್ಲವೇ? ಹದಿನಾರನೆಯ ಶತಮಾನದ ತುಳುನಾಡಿನಲ್ಲಿ ಆಳ್ವಿಕೆ ಎಂದರೆ ಏನಾಗಿತ್ತು ಎಂಬುದನ್ನು ತಿಳಿಯದೆ ಈ ಪ್ರಶ್ನೆಗೆ ಕೊಡುವ ಯಾವ ಉತ್ತರವೂ ಅರ್ಧ ಉತ್ತರವಾಗುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಒಂದು ಸಣ್ಣ ಲೆಕ್ಕ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿ 1623ರಲ್ಲಿ ಗೋವೆಯಿಂದ ಹೊರಟು, ಹೊನ್ನಾವರಕ್ಕೆ ಬಂದು, ಘಟ್ಟ ಹತ್ತಿ ಕೆಳದಿ ನಾಯಕರ ರಾಜಧಾನಿ ಇಕ್ಕೇರಿಗೆ ಹೋಗಿ, ಅಲ್ಲಿಂದ ಮಂಗಳೂರಿಗೆ ಇಳಿದ. ಮಂಗಳೂರಿನ ಒಳನಾಡಿನ ಮಣೇಲ್ ಎಂಬ ಪೇಟೆಯಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಮಾತನಾಡಿಸಿದ. ಆಕೆಯ ಹೆಸರನ್ನು ತನ್ನ ಕಿವಿಗೆ ಕೇಳಿದಂತೆ ಆತ ಬರೆದುಕೊಂಡಿದ್ದಾನೆ. ಇಟಾಲಿಯನ್ ಬರಹದಿಂದ ಬಿಡಿಸಿಕೊಂಡರೆ ಅದು ‘ಅಬ್ಬಗ ದೇವಿ ಚೌಟ’ ಎಂದಾಗುತ್ತದೆ. ವಯಸ್ಸು ನಲವತ್ತರ ಆಸುಪಾಸು ಎಂದು ಆತನಿಗೆ ತೋರಿತು. ಹಾಗಿದ್ದರೆ ಆಕೆ ಹುಟ್ಟಿದ್ದು 1580ರ ಹೊತ್ತಿಗೆ. ಕಪ್ಪ ಕೊಡಲಿಲ್ಲವೆಂದು ಪೋರ್ಚುಗೀಸರು ಉಳ್ಳಾಲದ ರಾಣಿಯ ಮೇಲೆ ನೌಕಾದಂಡು ಕಳಿಸಿದ್ದು 1555ರ ಸುಮಾರಿಗೆ, ಮಂಗಳೂರನ್ನು ಹಿಡಿದು ಕೋಟೆ ಕಟ್ಟಿದ್ದು 1568ರಲ್ಲಿ. ಆ ಯುದ್ಧಗಳ ರಾಣಿಯೂ ದೆಲ್ಲಾ ವಾಲ್ಲೆ ಕಂಡ ರಾಣಿಯೂ ಒಬ್ಬಳೇ ಆಗಿರಲು ಸಾಧ್ಯವಿಲ್ಲ. ತುಳುನಾಡಿನ ಚರಿತ್ರೆಯನ್ನು ಅಭ್ಯಾಸ ಮಾಡಿದವರು ಇಬ್ಬರು, ಕೆಲವರು ಮೂವರು, ಅಬ್ಬಕ್ಕರನ್ನು ಗುರುತಿಸಿರುವುದು ಇದೇ ಕಾರಣಕ್ಕೆ. ಜನಪ್ರಿಯ ಕಥನದಲ್ಲಿ ಮಾತ್ರ ಇವರೆಲ್ಲ ಸೇರಿ ಒಬ್ಬಳೇ ವೀರರಾಣಿಯಾಗಿದ್ದಾಳೆ.

ಹೀಗಾಗಲು ಕಾರಣ ಬರೀ ಅಜಾಗರೂಕತೆಯೆಂದು ಹೇಳಲಾರೆ. ತುಳುನಾಡಿನ ಅರಸುಮನೆತನಗಳಲ್ಲಿ ನಡೆಯುತ್ತಿದ್ದುದು ಅಳಿಯಸಂತಾನದ ಕ್ರಮ. ಪಟ್ಟ ಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಗಂಡು ವಾರಸುದಾರ ಇಲ್ಲದಾಗ ಅಥವಾ ಆತ ಎಳೆಯನಾಗಿದ್ದಾಗ ಮನೆಯ ಹೆಣ್ಣೇ ಪಟ್ಟಕ್ಕೆ ಬರುವುದು ಅಲ್ಲಿ ಅಪವಾದವೆನಿಸುತ್ತಿರಲಿಲ್ಲ. ಕ್ರಮದೊಳಗಿನ ಸಹಜ ಸಾಧ್ಯತೆಯೇ ಆಗಿತ್ತು. ಅದರ ಮೇಲೆ, ಪಟ್ಟವಾಗುವಾಗ ಮನೆತನದ ಹಿರಿಯರ ಹೆಸರನ್ನೇ ಮತ್ತೆ ಇಡುವ ರೂಢಿ. ಉಳ್ಳಾಲದ ಅರಸುಮನೆತನವಾದ ಚೌಟರಲ್ಲಿ ತಿರುಮಲರಾಯ, ಚೆನ್ನರಾಯ, ನೆರೆಯ ಮನೆತನವಾದ ಬಂಗರಲ್ಲಿ ಲಕ್ಷ್ಮಪ್ಪರಸ ಎಂಬ ಹೆಸರುಗಳು ತಲೆಮಾರು ಬಿಟ್ಟು ತಲೆಮಾರಿಗೆ ಮರಳಿ ಬರುತ್ತವೆ. ಅಬ್ಬಕ್ಕ ಎಂಬ ಹೆಸರನ್ನೂ ಹೀಗೆಯೇ ತಿಳಿಯಬೇಕು. ‘ಉಳ್ಳಾಲದ ರಾಣಿ’ ಎಂದು ಪೋರ್ಚುಗೀಸರು ಐವತ್ತು, ಅರವತ್ತು ವರ್ಷ ಬರೆಯುತ್ತ ಹೋದಾಗ ಅವರ ಕಣ್ಣಿಗೆ ಬಿದ್ದದ್ದು ವ್ಯಕ್ತಿಗಿಂತ ಹೆಚ್ಚಾಗಿ ಒಂದು ಸ್ಥಾನ.

ಆ ಸ್ಥಾನ ಯಾವ ಬಗೆಯದು? ನೇತ್ರಾವತಿಯ ಅಳಿವೆಯ ದಕ್ಷಿಣಕ್ಕೆ ಉಳ್ಳಾಲ, ಒಳನಾಡಿನಲ್ಲಿ ಪುತ್ತಿಗೆ ಮತ್ತು ಮೂಡಬಿದಿರೆ ಚೌಟರದು. ಬಂಗವಾಡಿ, ನಂದಾವರ ಬಂಗರದು. ವೇಣೂರು ಅಜಿಲರದು, 1604ರಲ್ಲಿ ಅಲ್ಲಿ ಬಾಹುಬಲಿಯನ್ನು ನಿಲ್ಲಿಸಿದವನು ತಿಮ್ಮಣ್ಣ ಅಜಿಲ. ಮೂಲ್ಕಿ ಸಾವಂತರದು, ವಿಟ್ಲ ಡೊಂಬ ಹೆಗ್ಗಡೆಗಳದು, ಕಾರ್ಕಳ ಭೈರರಸರದು. ಒಬ್ಬ ಅರಸನ ಸೀಮೆಯನ್ನು ಕುದುರೆಯ ಮೇಲೆ ಒಂದು ದಿನದಲ್ಲಿ ದಾಟಿಬಿಡಬಹುದಾಗಿತ್ತು. ಇವರನ್ನು ತುಂಡರಸರು ಎಂದು ಕರೆಯುವುದುಂಟು. ಆ ಪದದಲ್ಲಿ ಸ್ವಲ್ಪ ತಾತ್ಸಾರ ಇದೆ ನಿಜ, ಆದರೆ ವಿವರಣೆಯಾಗಿ ತಪ್ಪೇನಿಲ್ಲ. ಮೇಲೆ ವಿಜಯನಗರದ ಅಧಿಕಾರಿಗಳು ಬಾರಕೂರು ಮತ್ತು ಮಂಗಳೂರು ರಾಜ್ಯಗಳಲ್ಲಿ ಕುಳಿತು ಇವರಿಂದ ಕಪ್ಪ ಪಡೆಯುತ್ತಿದ್ದರು. ಕೆಳಗೆ ಕೆಲವು ಊರುಗಳು ಕೂಡಿದ ಮಾಗಣೆಗಳಿದ್ದವು, ಮಾಗಣೆಯೊಳಗೆ ಬೀಡು ಮತ್ತು ಗುತ್ತು ಎಂಬ ಊರ ಪ್ರಮುಖರ ಮನೆಗಳಿದ್ದವು, ಗುತ್ತಿನವರ ಹಿಂದೆ ಗದ್ದೆ, ಒಕ್ಕಲು, ಊರಿನ ದೈವಸ್ಥಾನ ಇದ್ದವು. ಅರಸನ ದಂಡು ಎಂದರೆ ಬಹುಪಾಲು ಈ ಮನೆಗಳಿಂದ ಬಂದ ಆಳುಗಳೇ. ಹೀಗಾಗಿ ಅರಮನೆಯನ್ನು ಸುಟ್ಟರೂ ಆಳ್ವಿಕೆ ಸುಡುತ್ತಿರಲಿಲ್ಲ. ಅರಸ ಒಂದು ಬೀಡಿನಿಂದ ಇನ್ನೊಂದಕ್ಕೆ ಸರಿದರೆ ಸಾಕು, ಮತ್ತೆ ಅಲ್ಲಿಂದಲೇ ಕೆಲಸ ಸುರುವಾಗುತ್ತಿತ್ತು. ಸಮುದ್ರದಿಂದ ಬಂದು, ಪೇಟೆಗೆ ಬೆಂಕಿಯಿಟ್ಟು, ಗೆದ್ದೆವೆಂದು ಗೋವೆಗೆ ಬರೆದ ಕಪ್ತಾನರು ಎರಡೇ ವರ್ಷಕ್ಕೆ ಮತ್ತೆ ಅದೇ ಊರಿಗೆ ದಂಡೆತ್ತಿ ಬರಬೇಕಾಗುತ್ತಿದ್ದುದರ ಗುಟ್ಟು ಇಲ್ಲಿದೆ.

ಸಮುದ್ರದ ಬದಿಯಲ್ಲಿ ಲೆಕ್ಕ ಬೇರೆ. ಪೋರ್ಚುಗೀಸರು ಇಲ್ಲಿಗೆ ಒಳ್ಳೆಮೆಣಸಿಗಾಗಿ ಬಂದರು ಎಂದು ನಾವು ಓದಿದ್ದೇವೆ. ಗೇರುಸೊಪ್ಪೆಯ ಮಟ್ಟಿಗೆ ಅದು ನಿಜ. ಚೆನ್ನಭೈರಾದೇವಿಗೆ ‘ಮೆಣಸಿನ ರಾಣಿ’ ಎಂಬ ಹೆಸರು ಕೊಟ್ಟವರೂ ಅವರೇ. ಆದರೆ ಹೊನ್ನಾವರದಿಂದ ಮಂಗಳೂರಿನ ತನಕದ ಕರಾವಳಿಯಲ್ಲಿ ಅವರನ್ನು ಕಟ್ಟಿಹಾಕಿದ ಪದಾರ್ಥ ಅಕ್ಕಿ. ಗೋವೆಗೆ ತಿನ್ನಲು ಸಾಕಷ್ಟು ಅಕ್ಕಿ ತನ್ನದೇ ನೆಲದಲ್ಲಿ ಬೆಳೆಯುತ್ತಿರಲಿಲ್ಲ. ಹಾರ್ಮುಜ್, ಮಸ್ಕತ್ತುಗಳಿಗೂ ಕನ್ನಡ ಕರಾವಳಿಯ ಅಕ್ಕಿಯೇ ಹೋಗುತ್ತಿತ್ತು. 1502ರಲ್ಲಿ ಎರಡನೆಯ ಬಾರಿ ಬಂದ ವಾಸ್ಕೋ ಡ ಗಾಮ ಭಟ್ಕಳದ ಮೇಲೆ ಹೇರಿದ ವಾರ್ಷಿಕ ಕಪ್ಪವನ್ನು ಪೋರ್ಚುಗೀಸ್ ಇತಿಹಾಸಕಾರ ಗಾಸ್ಪರ್ ಕೊರ್ರೆಯ ದಾಖಲಿಸಿದ್ದಾನೆ: ನಾವಿಕರಿಗೆ 1000 ಹೇರು ಸಾಧಾರಣ ಅಕ್ಕಿ, ಕಪ್ತಾನರಿಗೆ 500 ಹೇರು ಒಳ್ಳೆಯ ಅಕ್ಕಿ. ಬಲವಂತದಿಂದ ವಸೂಲಿ ಮಾಡುವ ಮೊದಲ ಕಪ್ಪದಲ್ಲೇ ಅಕ್ಕಿಯ ತರಗತಿಯನ್ನೂ ನಮೂದಿಸಬೇಕಾಗಿ ಬಂತು ಎಂಬುದು ನನಗೆ ಬಹಳ ಕುತೂಹಲದ ಸಂಗತಿಯಾಗಿ ಕಾಣುತ್ತದೆ.

ತರಗತಿಗಳು ನಿಜಕ್ಕೂ ಇದ್ದವು. ಇದೇ ಕಾಲದಲ್ಲಿ ಈ ಬಂದರುಗಳ ಬಗ್ಗೆ ಬರೆದ ಪೋರ್ಚುಗೀಸ ದುವಾರ್ತೆ ಬಾರ್ಬೋಸ ನಾಲ್ಕು ಬಗೆಯ ಅಕ್ಕಿಯನ್ನು ಹೆಸರಿಸಿ, ಒಂದೊಂದಕ್ಕೂ ಬೇರೆ ಬೇರೆ ಬೆಲೆ ಎನ್ನುತ್ತಾನೆ. ಎಲ್ಲಕ್ಕಿಂತ ಮೇಲಿನದನ್ನು ಆತ ‘ಜಿರಸಾಲ್’ ಎಂದು ಬರೆಯುತ್ತಾನೆ. ಜೀರಸಾಲೆ ಅಕ್ಕಿಯ ಘಮ ಗೊತ್ತಿರುವ ಯಾರಿಗೂ ಇದಕ್ಕೆ ಅರ್ಥ ಹೇಳಬೇಕಿಲ್ಲ. ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿ ದುಂಡಗೆ ಕಟ್ಟಿ ಹಡಗಿಗೆ ಏರಿಸುತ್ತಿದ್ದುದನ್ನೂ ಆತ ಗಮನಿಸಿದ್ದಾನೆ. ಅಂದರೆ ಅಕ್ಕಿಮುಡಿ. ನೆಲದ ಮೇಲೆ ಬೈಹುಲ್ಲು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆಳೆದು ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿಯುತ್ತ, ಮರದ ತುಂಡಿನಿಂದ ಬಡಿದು ಬಡಿದು ಚೆಂಡಿನಂತೆ ಮಾಡುವ ಆ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ತಿಳಿದಿದೆ: ಕಟ್ಟುವವನ ಕೈ ಪಳಗಿದ್ದರೆ ಒಂದು ಕಾಳೂ ಹೊರಗೆ ಬರುವುದಿಲ್ಲ, ತೇವ ಒಳಗೆ ಹೋಗುವುದಿಲ್ಲ, ಹುಳ ಹಿಡಿಯುವುದು ಕಡಿಮೆ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಗೇಣಿಯೂ, ದೇವಸ್ಥಾನದ ಪಾಲೂ, ಕಡಲಾಚೆಯ ವ್ಯಾಪಾರವೂ ಒಂದೇ ಮುಡಿಯ ಲೆಕ್ಕದಲ್ಲಿ ನಡೆಯುತ್ತಿದ್ದ ನಾಡಿನಲ್ಲಿ ಗದ್ದೆಯ ಬದುವಿಗೂ ಹಡಗಿನ ಒಡಲಿಗೂ ನಡುವೆ ಅಂತರ ಬಹಳ ಇರಲಿಲ್ಲ.

ಪೋರ್ಚುಗೀಸರು ಈ ವ್ಯಾಪಾರದ ಮೇಲೆ ಹಾಕಿದ ಹಗ್ಗದ ಹೆಸರು ಕಾರ್ತಾಜ್. ಅವರಿಂದ ಈ ರಹದಾರಿ ಪಡೆಯದ ಹಡಗು ಸಮುದ್ರದಲ್ಲಿ ಸಿಕ್ಕರೆ ಸರಕೂ ಹಡಗೂ ಜಪ್ತಿಯಾಗುತ್ತಿತ್ತು. ಯಾವ ಸರಕು, ಯಾವ ಬಂದರಿಗೆ ಎಂಬುದನ್ನೂ ಅದರಲ್ಲೇ ಕಟ್ಟುಮಾಡುತ್ತಿದ್ದರು. ಮೆಣಸನ್ನು ಕೆಂಪು ಸಮುದ್ರದ ಕಡೆಗೆ ಒಯ್ಯುವಂತಿಲ್ಲ. ಉಳ್ಳಾಲದ ಅರಸುಮನೆಗೂ ಅಲ್ಲಿನ ಬ್ಯಾರಿ ಮತ್ತು ಇತರ ವರ್ತಕರಿಗೂ ಅರಬ್ ದೇಶಗಳ ವ್ಯಾಪಾರವೇ ಆದಾಯದ ಮೂಲವಾಗಿದ್ದುದರಿಂದ ಜಗಳ ತಪ್ಪುವಂತಿರಲಿಲ್ಲ. ರಹದಾರಿಯ ಜೊತೆಗೆ ಕಪ್ಪ. ಇಲ್ಲಿ ಎರಡು ಕಡೆಯವರೂ ಒಂದೇ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಿದ್ದರು ಎಂದು ನನಗನ್ನಿಸುತ್ತದೆ. ಪೋರ್ಚುಗೀಸರ ಕಾಗದದಲ್ಲಿ ಒಮ್ಮೆ ಕಪ್ಪ ಒಪ್ಪಿಸಿದ ಅರಸು ಅವರ ರಾಜನ ಅಧೀನ. ಮರುವರ್ಷ ಕೊಡದಿದ್ದರೆ ಅದು ದಂಗೆ. ತುಳುನಾಡಿನ ಅರಸರಿಗೆ ಕಪ್ಪವೆಂದರೆ ಬಲವಿದ್ದವನಿಗೆ ಆ ಹೊತ್ತಿಗೆ ಕೊಡುವ ಸಂದಾಯ. ವಿಜಯನಗರಕ್ಕೂ ಕೊಡುತ್ತಿದ್ದರು, ಪೋರ್ಚುಗೀಸರಿಗೂ ಕೊಡುತ್ತಿದ್ದರು, ಅವರ ಬಲ ಕುಗ್ಗಿದಾಗ ಇಬ್ಬರಿಗೂ ಬಾಕಿ ಉಳಿಸುತ್ತಿದ್ದರು. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಕೊಡುವುದಕ್ಕೆ ಅಡ್ಡಿಯಾಗುತ್ತಿರಲಿಲ್ಲ. ಆದ್ದರಿಂದ ‘ರಾಣಿ ಶರಣಾದಳು’, ‘ರಾಣಿ ದಂಗೆಯೆದ್ದಳು’ ಎಂಬ ಮಾತುಗಳು ಪೋರ್ಚುಗೀಸ್ ದಾಖಲೆಯಲ್ಲಿ ಬಂದಾಗ ಅವನ್ನು ಹಾಗೆಯೇ ಕನ್ನಡಕ್ಕೆ ಇಳಿಸಿಕೊಂಡು ಸೋಲು, ಗೆಲುವುಗಳ ಪಟ್ಟಿ ಮಾಡುವುದು ಅಪಾಯ. ನಮ್ಮ ಉತ್ಸವಗಳ ಭಾಷಣಕಾರರು ಪೋರ್ಚುಗೀಸರನ್ನು ಬೈಯುತ್ತಲೇ ಅವರ ಲೆಕ್ಕದ ಪುಸ್ತಕದ ಪರಿಭಾಷೆಯನ್ನು ಒಪ್ಪಿಕೊಂಡುಬಿಟ್ಟಿದ್ದಾರೆ.

ಕಾಲಾನುಕ್ರಮವನ್ನು ನೋಡಿದರೆ ತಿರುವು ಎಲ್ಲಿದೆ ಎಂಬುದು ಸ್ಪಷ್ಟ. 1547ರಲ್ಲಿ ಪೋರ್ಚುಗೀಸರು ವಿಜಯನಗರದೊಡನೆ ಒಪ್ಪಂದ ಮಾಡಿಕೊಂಡಿದ್ದರು. ಕುದುರೆಯ ವ್ಯಾಪಾರ ಅದರ ತಿರುಳು. ಆ ದೊಡ್ಡ ಗಿರಾಕಿ ಇರುವ ತನಕ ಅವನ ಮಾಂಡಲಿಕರ ಬಂದರುಗಳನ್ನು ಸುಡುವುದು, ಕಪ್ಪ ಕೇಳುವುದು ಇತ್ತೇ ಹೊರತು ಈ ಕರಾವಳಿಯಲ್ಲಿ ಕೋಟೆ ಕಟ್ಟಿ ತಳವೂರುವ ಕೆಲಸ ನಡೆದಿರಲಿಲ್ಲ. ಅಂಜದೀವ ದ್ವೀಪದಲ್ಲಿ 1505ರಲ್ಲಿ ಕಟ್ಟಿದ ಕೋಟೆಯನ್ನು ಅವರೇ ಬೇಗ ಬಿಟ್ಟಿದ್ದರು. 1565ರಲ್ಲಿ ರಕ್ಕಸ ತಂಗಡಿಯ ಯುದ್ಧದಲ್ಲಿ ವಿಜಯನಗರ ಸೋತಿತು. ಮೂರು ವರ್ಷ ಕಳೆಯುವಷ್ಟರಲ್ಲಿ, 1568ರ ಜನವರಿಯಲ್ಲಿ, ವೈಸರಾಯ್ ಅಂತಾವೊ ದೆ ನೊರೋಞ ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆಗೆ ಅಡಿಪಾಯ ಹಾಕಿದ. 1569ರಲ್ಲಿ ಹೊನ್ನಾವರ, ಅದರ ಬೆನ್ನಿಗೆ ಬಸರೂರು. ಅರಸರು ದುರ್ಬಲರಾದರು ಎನ್ನುವುದಕ್ಕಿಂತ, ಅವರು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಲು ಬಳಸುತ್ತಿದ್ದ ಮೇಲಿನ ಶಕ್ತಿ ಇಲ್ಲವಾಯಿತು ಎನ್ನುವುದು ಹೆಚ್ಚು ಸರಿ. 1570ರಲ್ಲಿ ಬಿಜಾಪುರದ ಆದಿಲಶಾಹ, ಅಹ್ಮದನಗರದ ನಿಜಾಮಶಾಹ, ಕಲ್ಲಿಕೋಟೆಯ ಸಾಮೂದಿರಿ ಕೂಡಿ ಪೋರ್ಚುಗೀಸರ ನೆಲೆಗಳ ಮೇಲೆ ಬಿದ್ದಾಗ ಗೇರುಸೊಪ್ಪೆಯ ರಾಣಿ ಹೊನ್ನಾವರದ ಕೋಟೆಗೆ ಲಗ್ಗೆಯಿಟ್ಟದ್ದು ಇದೇ ಹಳೆಯ ವಿದ್ಯೆ. ಮೇಲೆ ವಿಜಯನಗರ ಇಲ್ಲದಿದ್ದರೆ ಬಿಜಾಪುರ.

ಬಸರೂರಿನ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಅಲ್ಲಿ ಪೋರ್ಚುಗೀಸರಿಗೆ ಎದುರಾದದ್ದು ರಾಜನೂ ಅಲ್ಲ, ರಾಣಿಯೂ ಅಲ್ಲ. ಬಸರೂರಿನ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ‘ಹಲರು’. ಅಂದರೆ ಕೇರಿಯ ವರ್ತಕರ ಕೂಟ. ದೇವಸ್ಥಾನದ ದತ್ತಿ, ಸುಂಕ, ನ್ಯಾಯ ಎಲ್ಲದರಲ್ಲೂ ಇವರ ಒಪ್ಪಿಗೆ ಬೇಕು. ಪೋರ್ಚುಗೀಸರು ಇವರನ್ನು ‘ಶತೀನ್’ ಎಂದು ಬರೆದಿದ್ದಾರೆ, ನಮ್ಮ ಶೆಟ್ಟಿಯೇ ಅವರ ನಾಲಗೆಯಲ್ಲಿ ಹಾಗಾದದ್ದು. ಹೊಳೆಯ ಕೆಳಭಾಗದಲ್ಲಿ ಪೋರ್ಚುಗೀಸರ ಕೋಟೆ ಎದ್ದ ಮೇಲೂ ಮೇಲಿನ ಬಸರೂರು ಇವರ ಕೈಯಲ್ಲೇ ಉಳಿಯಿತು. ಕೋಟೆಯವರು ಫಿರಂಗಿ ತೋರಿಸಬಲ್ಲರು, ಆದರೆ ಒಳನಾಡಿನಿಂದ ಮುಡಿ ಇಳಿಸಿ ತರುವವರು ಹಲರೇ. ಒಮ್ಮೆ ಕಾದಾಟ, ಮತ್ತೊಮ್ಮೆ ಸಂಧಾನ, ನಡುನಡುವೆ ಎಂದಿನಂತೆ ವ್ಯಾಪಾರ. ಹೀಗೆ ಎಂಬತ್ತು ವರ್ಷ ಸಾಗಿತು. ಸ್ಮಾರಕಕ್ಕೆ ಒಗ್ಗುವ ಮುಖ ಇಲ್ಲದ ಕಾರಣಕ್ಕೋ ಏನೋ, ಹಲರ ಹೆಸರಿನಲ್ಲಿ ಹಡಗೂ ಇಲ್ಲ, ಅಂಚೆಚೀಟಿಯೂ ಇಲ್ಲ.

ಮತ್ತೆ ದೆಲ್ಲಾ ವಾಲ್ಲೆಯ ರಾಣಿಯ ಬಳಿಗೆ ಬರೋಣ. ಆಕೆಗೂ ಬಂಗ ಅರಸನಿಗೂ ಮದುವೆಯಾಗಿತ್ತು, ಮುರಿದಿತ್ತು. ಆತ ಕೊಟ್ಟ ಒಡವೆಗಳನ್ನು ಆಕೆ ಹಿಂದಕ್ಕೆ ಕಳಿಸಿದ್ದಳೆಂದು ದೆಲ್ಲಾ ವಾಲ್ಲೆ ಕೇಳಿ ಬರೆದಿದ್ದಾನೆ. ಅಳಿಯಸಂತಾನದ ಹೆಣ್ಣಿಗೆ ಗಂಡನ ಮನೆ ಎಂಬುದು ಬಿಟ್ಟುಬಿಡಲಾಗದ ನೆಲೆಯಾಗಿರಲಿಲ್ಲ. ಆಕೆಯ ಸೀಮೆ ಆಕೆಯ ತಾಯಿಯ ಕಡೆಯಿಂದ ಬಂದದ್ದು. ಆದರೆ ನೇತ್ರಾವತಿಯ ಎರಡು ದಡದ ಎರಡು ಮನೆತನಗಳ ನಡುವಿನ ಈ ಬಿರುಕು ಯುದ್ಧವಾಯಿತು. ಬಂಗ ಪೋರ್ಚುಗೀಸರನ್ನು ಕರೆದ. ರಾಣಿ ಘಟ್ಟದ ಮೇಲಿನ ಕೆಳದಿಯ ಹಿರಿಯ ವೆಂಕಟಪ್ಪ ನಾಯಕನನ್ನು ಕರೆದಳು. 1618ರಲ್ಲಿ ವೆಂಕಟಪ್ಪನ ದಂಡು ಪೋರ್ಚುಗೀಸರನ್ನು ಸೋಲಿಸಿತು, ಬಂಗ ಕಾಸರಗೋಡಿನ ಕಡೆಗೆ ಓಡಬೇಕಾಯಿತು. ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಹೋದದ್ದೇ ಬಂಗನ ಪರವಾಗಿ ಮಾತಾಡಲು ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೆ. ವೆಂಕಟಪ್ಪ ರಾಜ್ಯ ಹಿಂದಿರುಗಿಸಲು ಒಪ್ಪಲಿಲ್ಲ, ಬಂಗನ ಜೀವನಕ್ಕೆ ವರ್ಷಾಶನ ಕೊಡುವ ಮಾತು ಮಾತ್ರ ಆಡಿದ. ಅದೇ ಸಭೆಯಲ್ಲಿ ಮೆಣಸಿನ ಬಾಕಿ ಹಣದ ಮಾತೂ ನಡೆಯಿತು. ಕಾದಾಡಿದ ಇಬ್ಬರೂ ಕೊಡುವವನು, ಕೊಳ್ಳುವವನು ಎಂಬ ಸಂಬಂಧವನ್ನು ಬಿಟ್ಟಿರಲಿಲ್ಲ.

ಆ ಭೇಟಿಯಾದ ಮೇಲೆ ಕರಾವಳಿಗೆ ಇಳಿದ ದೆಲ್ಲಾ ವಾಲ್ಲೆಗೆ ಮಣೇಲಿನಲ್ಲಿ ಅರಮನೆಯ ದರ್ಬಾರು ಕಾಣಸಿಗಲಿಲ್ಲ. ಪೇಟೆಯ ಬೀದಿಯಲ್ಲೇ ರಾಣಿ ಎದುರಾದಳು. ಬರಿಗಾಲು. ಸೊಂಟಕ್ಕೆ ಒಂದು ದಪ್ಪ ಬಿಳಿಯ ಹತ್ತಿಯ ಬಟ್ಟೆ, ತಲೆಯ ಮೇಲಿಂದ ಹೆಗಲಿಗೆ ಇಳಿಬಿಟ್ಟ ಇನ್ನೊಂದು ಬಟ್ಟೆ. ಓಲೆಯ ಕೊಡೆ ಹಿಡಿದವನೊಬ್ಬ, ಜೊತೆಗೆ ನಾಲ್ಕಾರು ಮಂದಿ ಆಳುಗಳು. ನೋಡಲು ಅಡುಗೆಯವಳೋ ಅಗಸಗಿತ್ತಿಯೋ ಎಂಬಂತಿದ್ದಳು, ಬಾಯಿ ತೆರೆದಾಗ ಮಾತ್ರ ರಾಣಿಯೆಂದು ತಿಳಿಯಿತು ಎಂಬರ್ಥದಲ್ಲಿ ಆತ ಬರೆಯುತ್ತಾನೆ. ಯುರೋಪಿನ ಉಡುಪಿನ ಗತ್ತಿನಿಂದ ನೋಡಿದವನ ಮಾತು ಅದು. ಕರಾವಳಿಯ ಸೆಕೆಯಲ್ಲಿ ಕೆಲಸಕ್ಕೆ ಹೊರಟವರ ಉಡುಗೆ ಹಾಗೆಯೇ ಇರುತ್ತಿತ್ತು. ಊರು ಬಿಟ್ಟು ಇಷ್ಟು ದೂರ ಏಕೆ ಅಲೆಯುತ್ತಿದ್ದೀ, ಯಾವ ಯಾವ ದೇಶ ನೋಡಿ ಬಂದೆ ಎಂದು ಆಕೆ ದುಭಾಷಿಯ ಮೂಲಕ ವಿಚಾರಿಸಿದಳು. ಆಕೆ ಹೊರಟಿದ್ದುದು ತಾನು ಅಗೆಸುತ್ತಿದ್ದ ಕಾಲುವೆಯ ಕೆಲಸ ನೋಡಲು. ಹಗಲಲ್ಲಿ ಇಂಥ ಕೆಲಸಗಳ ಉಸ್ತುವಾರಿ, ಸಂಜೆಯ ಮೇಲೆ ನ್ಯಾಯ ಹೇಳುವುದು, ಇದು ಆಕೆಯ ದಿನಚರಿ ಎಂದು ಆತನಿಗೆ ತಿಳಿಯಿತು.

ಕುದುರೆಯ ಮೇಲೆ ಖಡ್ಗ ಎತ್ತಿದ ರಾಣಿಯ ಚಿತ್ರಕ್ಕಿಂತ ಈ ಕಾಲುವೆಯ ದಾರಿಯ ಚಿತ್ರ ಆ ಅಧಿಕಾರದ ಸ್ವರೂಪವನ್ನು ಹೆಚ್ಚು ನಿಖರವಾಗಿ ಹೇಳುತ್ತದೆ ಎಂದು ನನ್ನ ಅಭಿಪ್ರಾಯ. ಕಾಲುವೆ ಬಂದರೆ ಎರಡನೆಯ ಬೆಳೆ. ಎರಡನೆಯ ಬೆಳೆ ಬಂದರೆ ಮುಡಿ. ಮುಡಿ ಇದ್ದರೆ ಗೋವೆಯವರು ಜಗಳವಾಡಿದರೂ ಮರಳಿ ಬರಲೇಬೇಕು. ಅರಸುಮನೆಯ ಬಲ ಗದ್ದೆಯಲ್ಲಿತ್ತು. ಯುದ್ಧಗಳು ನಡೆದವು, ರಕ್ತ ಹರಿಯಿತು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಸಣ್ಣ ಸೀಮೆಗಳು ಹಿಂದೂ ಮಹಾಸಾಗರದ ಅತಿ ದೊಡ್ಡ ನೌಕಾಬಲದ ಎದುರು ಉಳಿದುಕೊಂಡದ್ದು ಕೊಡುವುದು, ತಡೆಹಿಡಿಯುವುದು, ಬಾಕಿ ಉಳಿಸುವುದು, ಬೇರೊಬ್ಬನನ್ನು ಕರೆಯುವುದು ಎಂಬ ಲೆಕ್ಕಾಚಾರದಿಂದ.

ಆ ಕೊನೆಯ ಲೆಕ್ಕವೇ ಅವರಿಗೆ ದುಬಾರಿಯಾಯಿತು. ಗೇರುಸೊಪ್ಪೆಯನ್ನು ಮುಗಿಸಿದ್ದು ಪೋರ್ಚುಗೀಸರಲ್ಲ, ಕೆಳದಿ. ಚೆನ್ನಭೈರಾದೇವಿ 1606ರ ಸುಮಾರಿಗೆ ವೆಂಕಟಪ್ಪ ನಾಯಕನ ಸೆರೆಯಾಗಿ, ಸೆರೆಯಲ್ಲೇ ತೀರಿಕೊಂಡಳು. ಉಳ್ಳಾಲದ ರಾಣಿ ನೆರವಿಗೆ ಕರೆದವನೂ ಅದೇ ವೆಂಕಟಪ್ಪ. ನೆರವಿಗೆ ಬಂದವನು ಘಟ್ಟ ಹತ್ತಿ ವಾಪಸು ಹೋಗಲಿಲ್ಲ. 1650ರ ದಶಕದ ಮೊದಲ ವರ್ಷಗಳಲ್ಲಿ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡಾಗ ಚೌಟ, ಬಂಗ, ಅಜಿಲರು ಸ್ವತಂತ್ರರಾಗಲಿಲ್ಲ. ಅವರ ಕಪ್ಪ ಹೋಗುವ ವಿಳಾಸ ಬದಲಾಯಿತು. ಆಡಲು ಇಬ್ಬರು ಒಡೆಯರಿದ್ದಾಗ ಸಿಗುತ್ತಿದ್ದ ಸಂದು ಒಬ್ಬನೇ ಒಡೆಯನಾದಾಗ ಮುಚ್ಚಿತು. ಮೈಸೂರಿನ ಹೈದರ್, ಟಿಪ್ಪು, 1799ರ ಬಳಿಕ ಇಂಗ್ಲಿಷ್ ಕಂಪನಿ; ಒಬ್ಬೊಬ್ಬರ ಕಾಲಕ್ಕೂ ಅರಸರ ಕೈಯಿಂದ ಭೂಮಿಯ ಹುಟ್ಟುವಳಿ ಜಾರುತ್ತ ಹೋಗಿ, ಕೊನೆಗೆ ಉಳಿದದ್ದು ಸರಕಾರದ ವರ್ಷಾಶನ. ಮೂಡಬಿದಿರೆಯ ಚೌಟರ ಅರಮನೆಯಲ್ಲಿ ನವನಾರಿಕುಂಜರ (ಒಂಬತ್ತು ಹೆಣ್ಣುಗಳು ಕೂಡಿ ಆದ ಆನೆ), ಪಂಚನಾರಿತುರಗ (ಐವರು ಹೆಣ್ಣುಗಳು ಕೂಡಿ ಆದ ಕುದುರೆ) ಕೆತ್ತಿದ ಮರದ ಕಂಬಗಳು ಇಂದಿಗೂ ಇವೆ.

ಕೋಟೆ ಕಳೆದುಕೊಂಡ ಪೋರ್ಚುಗೀಸರೂ ದೂರ ಹೋಗಲಿಲ್ಲ. 1670ರ ದಶಕದಲ್ಲಿ ಕೆಳದಿಯೊಡನೆ ಒಪ್ಪಂದ ಮಾಡಿಕೊಂಡು ಮಂಗಳೂರಿಗೆ ಮರಳಿದರು. ಈ ಬಾರಿ ಅವರಿಗೆ ಸಿಕ್ಕದ್ದು ವ್ಯಾಪಾರದ ಕೋಠಿ ಮತ್ತು ಇಗರ್ಜಿ ಕಟ್ಟುವ ಪರವಾನಗಿ. ಗೋವೆಗೆ ಅಕ್ಕಿ ಬೇಕಾಗಿತ್ತು.